ಒಂದೂವರೆ ಗಂಟೆ

ಶಂಕರಪುರದಿಂದ ಬಜ್ಪೆಗೆ ಐವತ್ತೆಂಟು ಕಿಲೋಮೀಟರು.
ಕಟಪಾಡಿಯಲ್ಲಿ ಹೆದ್ದಾರಿ ಹತ್ತಿ, ಹಳೆಯಂಗಡಿಯಲ್ಲಿ ತಿರುಗಿ,
ಪಕ್ಷಿಕೆರೆ, ಕಿನ್ನಿಗೋಳಿ, ಕಟೀಲು ಬಳಸಿ
ನನ್ನ ಓಮ್ನಿಗೆ ಒಂದೂವರೆ ಗಂಟೆ.
ಪಡುಬಿದ್ರಿಯಲ್ಲಿ ಮೀನಿನ ಲಾರಿ ಅಡ್ಡ ನಿಂತರೆ
ಅದರ ಲೆಕ್ಕ ಬೇರೆ.

ಬಜ್ಪೆಯಿಂದ ದುಬೈಗೆ ಎರಡೂವರೆ ಸಾವಿರಕ್ಕೆ ಸ್ವಲ್ಪ ಕಮ್ಮಿ;
ಮೂರೂವರೆ ಗಂಟೆ, ಅಷ್ಟೆ.
ಆರಕ್ಕೆ ಇಲ್ಲಿಂದ ಎದ್ದದ್ದು ಅಲ್ಲಿ ಎಂಟಕ್ಕೆ ಕೂರುತ್ತದೆ.
ಮೊದಮೊದಲು ನನಗೆ ತಲೆ ಓಡಲಿಲ್ಲ:
ಮಧ್ಯದ ಒಂದೂವರೆ ಗಂಟೆ ಯಾರು ನುಂಗಿದರು?
ಕಾರ್ಗೋದ ಸುಕೇಶ ರಶೀದಿಯ ಹಿಂದೆ ಗೀಟು ಎಳೆದು ತೋರಿಸಿದ,
ಇಲ್ಲಿ ಸೂರ್ಯ, ಇಲ್ಲಿ ನೀನು, ಇಲ್ಲಿ ಅವರು.
ನನಗೆ ಅರ್ಥವಾದದ್ದು ಇಷ್ಟು:
ಮೂಲ್ಕಿಯ ಆಚೀಚೆ ನಾನು ಕಳಕೊಂಡದ್ದನ್ನೇ
ಮೇಲೆ ಯಾರೋ ತಿರುಗಿ ಕೊಡುತ್ತಾರೆ,
ನನಗಲ್ಲ, ಹೂವಿಗೆ.

ಆದರೆ ಮೊಗ್ಗು ಗಡಿಯಾರ ಕಟ್ಟುವುದಿಲ್ಲ.

ಬೆಳಕು ಹರಿಯುವ ಮೊದಲು ಸೆವ್ರಿನ್ ಬಾಯಿ
ಟಾರ್ಚು ಕಂಕುಳಲ್ಲಿ ಸಿಕ್ಕಿಸಿಕೊಂಡು
ಬೆರಳ ತುದಿಯಲ್ಲಿ ಕೊಯ್ದ ಹೊತ್ತೇ
ಅದರ ಹೊತ್ತು ಶುರು.
ಬಾಳೆನಾರಿನಲ್ಲಿ ಎಂಟುನೂರು ಸೇರಿದರೆ ಒಂದು ಚೆಂಡು,
ನಾಲ್ಕು ಚೆಂಡಿಗೆ ಒಂದು ಅಟ್ಟೆ.
ಹನ್ನೊಂದಕ್ಕೆ ದರ ಬರುತ್ತದೆ, ಹನ್ನೆರಡಕ್ಕೆ ನಾನು.
"ಬಾಯಿ ಬಿಡುವ ಮೊದಲು ಮುಟ್ಟಿಸು, ಲಿಗೋರಿ."
ಹನ್ನೊಂದು ವರ್ಷದಿಂದ ಅದೇ ಮಾತು,
ಪೂಜೆ ಮುಗಿದ ಮೇಲಿನ ಆಮೆನ್ ಹಾಗೆ.

ನಾನು ವಿಮಾನ ಹತ್ತಿದವನಲ್ಲ.
ಆದರೂ ದಿನಾ ಹೋಗಿ ಬಂದು ನೂರ ಹದಿನಾರು;
ಇಪ್ಪತ್ತೊಂದು ದಿನ ಕೂಡಿದರೆ
ಓಮ್ನಿಯ ಮೀಟರಿನಲ್ಲಿ ದುಬೈ ಬರುತ್ತದೆ.
ಆವತ್ತು ಎಲ್ಲಿದ್ದರೂ ಗಾಡಿ ಬದಿಗೆ ಹಾಕಿ
ಒಂದು ಚಾ ಕುಡಿಯುತ್ತೇನೆ.
ಒಮ್ಮೆ ದುಬೈ ಸಿಕ್ಕಿದ್ದು ಹೆಜಮಾಡಿ ಟೋಲಿನ ಹತ್ತಿರ,
ಒಮ್ಮೆ ಪಕ್ಷಿಕೆರೆಯ ಪಂಚರ್ ಅಂಗಡಿಯೆದುರು.
ಚಾದವನಿಗೆ ಹೇಳಲಿಲ್ಲ.

ಮೇ ತಿಂಗಳ ಕೊನೆ. ಮದುವೆಯ ಹೂ, ಒಂಬತ್ತು ಪೆಟ್ಟಿಗೆ.
ಗುಡ್ಡದ ನೆತ್ತಿಯ ರನ್‌ವೇ ಮೇಲೆ ಮೋಡ ಬಂದು ಕೂತಿತು.
ಇಳಿಯಬೇಕಾದದ್ದು ಮೂರು ಸುತ್ತು ಹೊಡೆದ ಸದ್ದು ಮಾತ್ರ ಕೇಳಿತು,
ಆಮೇಲೆ ಕೊಚ್ಚಿಗೆ ಹೋಯಿತಂತೆ.
ಏಳು. ಎಂಟು.
ಐಸು ಕರಗಿ ರಟ್ಟು ಮೆತ್ತಗಾಯಿತು.
ದೇರಾದಿಂದ ಮೊಯ್ದಿನಬ್ಬರ ಫೋನು:
"ಎಲ್ಲಿಗೆ ಮುಟ್ಟಿತು?"
ನಾನು ಒಂದು ಪೆಟ್ಟಿಗೆಯ ಟೇಪು ಕಿತ್ತೆ.
ಉತ್ತರ ಹೇಳುವ ಮೊದಲೇ ಶೆಡ್ಡು ತುಂಬಿತ್ತು.

ಅಷ್ಟೂ ಬಾಯಿ ಬಿಟ್ಟಿದ್ದವು,
ಯಾರನ್ನೂ ಕೇಳದೆ, ತಮ್ಮ ಹೊತ್ತಿಗೆ ಸರಿಯಾಗಿ.
"ಫೋನು ಸ್ವಲ್ಪ ಹತ್ತಿರ ಹಿಡಿ ಮಾರಾಯ," ಅಂದರು ಮೊಯ್ದಿನಬ್ಬ.
ಹಿಡಿದೆ. ಎಂತ ಕೇಳಿತೋ.
ಆಮೇಲೆ, "ನಾಳೆ ಎಷ್ಟು ಪೆಟ್ಟಿಗೆ?"

ಲೋಡರುಗಳು ಟ್ರಾಲಿ ಬಿಟ್ಟು ಬಂದರು.
ಮೊಳ ಹಾಕದೆ ಹರಿದು ಹಂಚಿದೆವು.
ಗೇಟಿನ ಬಂದೂಕಿನ ಹುಡುಗಿ, ಬಿಹಾರದ ಕಡೆಯವಳು,
ಆಚೀಚೆ ನೋಡಿ ಗೇಣುದ್ದ ಟೊಪ್ಪಿಯೊಳಗೆ ಇಟ್ಟುಕೊಂಡಳು.
ನಿಮ್ಮ ಊರು ಎಷ್ಟು ದೂರ ಅಂತ ನನ್ನ ಹರಕು ಹಿಂದಿಯಲ್ಲಿ ಕೇಳಿದೆ.
ಕಿಲೋಮೀಟರು ಗೊತ್ತಿಲ್ಲ ಅಂದಳು.
ಮೂರು ರಾತ್ರಿ. ಮೂರನೆಯದಕ್ಕೆ ನಿದ್ದೆ ಬರುವುದಿಲ್ಲ.

ಬೆಳಿಗ್ಗೆ ಸೆವ್ರಿನ್ ಬಾಯಿಯ ಎದುರು
ಖಾಲಿ ಪೆಟ್ಟಿಗೆ ಇಳಿಸಿ ಎಲ್ಲ ಹೇಳಿದೆ.
ನಲವತ್ತು ವರ್ಷ ಮೊಗ್ಗನ್ನೇ ಕಟ್ಟಿದವರು
ನಾರು ಹಲ್ಲಿನಲ್ಲಿ ಕಚ್ಚಿ ಕೇಳಿದರು:
"ಚಂದ ಅರಳಿತ್ತಾ?
ಒಂದೂ ಕಪ್ಪಾಗಿರಲಿಲ್ಲ ತಾನೆ?"
ದುಡ್ಡಿನ ಮಾತು ಆಮೇಲೆ ಬಂತು.

ಗಾಡಿ ಹತ್ತಿ ಮೀಟರು ನೋಡಿದೆ.
ದುಬೈಗೆ ಇನ್ನೂ ಆರು ದಿನ ಇತ್ತು.